ಬೇಲಿಯಾಚೆಯ ಬುರೈಮಿ

ನನ್ನ ಪಾಸ್‌ಪೋರ್ಟಿನಲ್ಲಿ ಹುಟ್ಟೂರು ಎನ್ನುವ ಕಡೆ ಬುರೈಮಿ ಎಂದಿದೆ. ಒಮಾನಿನ ಮರಳುಗಾಡಿನಲ್ಲಿ, ಎಮಿರೇಟ್ಸ್ ಗಡಿಗೆ ಅಂಟಿಕೊಂಡಿರುವ ಹಳೆಯ ಓಯಸಿಸ್ ಊರು. ಅಪ್ಪ ಅಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ನನಗೆ ವರ್ಷ ತುಂಬುವ ಮೊದಲೇ ಮೈಸೂರಿಗೆ ವಾಪಸಾದರು. ಹಾಗಾಗಿ ಅಮೆರಿಕದ ಲಿವೋನಿಯಾದಲ್ಲಿ ನಾನು ಕೆಲಸ ಮಾಡುವ ಆಫೀಸಿನಲ್ಲಿ ಯಾರಾದರೂ ಕೇಳಿದರೆ ಮೈಸೂರು ಎಂದು ಹೇಳಿ ಮುಗಿಸುತ್ತಿದ್ದೆ.

ಹೋದ ವರ್ಷ ಅಮೆರಿಕದ ವೀಸಾಕ್ಕೆ ಹೊಸ ಮುದ್ರೆ ಹಾಕಿಸಿಕೊಳ್ಳುವ ಸ್ಟಾಂಪಿಂಗಿಗೆಂದು ಇಂಡಿಯಾಕ್ಕೆ ಹೊರಟಾಗ, ನಮ್ಮಲ್ಲಿಗೆ ಬಂದಿದ್ದ ಅಮ್ಮನೂ ಜೊತೆಗಿದ್ದಳು. ದಾರಿಯಲ್ಲಿ ಬುರೈಮಿಯ ಮನೆ ನೋಡಿಕೊಂಡು ಹೋಗೋಣ ಎಂದು ಹಟ ಹಿಡಿದಳು. ಯಾವುದಕ್ಕೂ ಹಟ ಮಾಡದ ಹೆಂಗಸು. ದುಬೈನಲ್ಲಿ ಇಳಿದು, ಟ್ಯಾಕ್ಸಿಯಲ್ಲಿ ಗಡಿಯ ಈಚೆಗಿರುವ ಅಲ್ ಐನ್ ತಲುಪಿದೆವು. ಖರ್ಜೂರದ ತೋಪು, ಮಣ್ಣಿನ ಗೋಡೆ, ಕಾಲುವೆಯಲ್ಲಿ ತಣ್ಣನೆಯ ನೀರು. ಅಮ್ಮ ಚಪ್ಪಲಿ ಬಿಟ್ಟು ಕಾಲು ಇಳಿಬಿಟ್ಟು ಕುಳಿತಳು.

"ಆಗೆಲ್ಲ ಎರಡೂ ಒಂದೇ ಊರಿನ ಥರ ಇತ್ತು ಕಣೇ. ತರಕಾರಿಗೆ ಈ ಕಡೆ ಬರ್ತಿದ್ವಿ, ಯಾರೂ ಏನೂ ಕೇಳ್ತಿರಲಿಲ್ಲ."

ಈಗ ನಡುವೆ ಬೇಲಿ. ಚೆಕ್‌ಪೋಸ್ಟ್ ಹತ್ತಿರ ಬಂದಂತೆ ಅಮ್ಮನ ಹಟ ಕರಗಿತು.

"ದಾಟಿದ್ರೆ ಪಾಸ್‌ಪೋರ್ಟಿಗೆ ಇನ್ನೊಂದು ದೇಶದ ಸೀಲ್ ಬೀಳುತ್ತಾ? ಸ್ಟಾಂಪಿಂಗ್‌ನಲ್ಲಿ ಯಾಕೆ ಹೋಗಿದ್ರಿ ಅಂತ ಕೇಳಿದ್ರೆ? ಬೇಡ ಬಿಡು."

ಅವಳನ್ನು ಹೇಗೆ ಬೈಯಲಿ? ತಿಂಗಳುಗಟ್ಟಲೆ ನಮ್ಮವರೆಲ್ಲ ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್‌ಗಳಲ್ಲಿ ಅವಳು ಕೇಳಿದ್ದು ಅದೇ ಪುರಾಣ, ಯಾರ ವೀಸಾ ಯಾಕೆ ಸಿಕ್ಕಿಕೊಂಡಿತು ಅಂತ. ನನಗೂ ಒಳಗೊಳಗೇ ಅಳುಕಿತ್ತು. "ಹಳೇ ಮನೆ ತಾನೆ, ಇನ್ನೊಂದ್ಸಲ ಬರೋಣಮ್ಮ" ಎಂದೆ. ಬೇಲಿಯಾಚೆಯ ಮರಗಳನ್ನು ಸ್ವಲ್ಪ ಹೊತ್ತು ನೋಡಿ ಅವಳು ಟ್ಯಾಕ್ಸಿ ಹತ್ತಿದಳು.

ಕಾನ್ಸುಲೇಟಿನಲ್ಲಿ ನನ್ನ ಪಾಸ್‌ಪೋರ್ಟಿನ ಹಳೆಯ ಸೀಲುಗಳ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಈ ಬೇಸಿಗೆಯಲ್ಲಿ ಅಮ್ಮ ಮತ್ತೆ ಬಂದಿದ್ದಾಳೆ. ಮೊನ್ನೆ ಬೆಳಿಗ್ಗೆ ಬುರೈಮಿಯಿಂದ ಅವಳಿಗೆ ಫೋನ್ ಬಂತು. ಆಗಿನ ಪಕ್ಕದ ಮನೆಯ ಒಮಾನಿ ಹೆಂಗಸು ತೀರಿಕೊಂಡರಂತೆ. ಫೋನ್ ಮಾಡಿದ್ದು ಆಕೆಯ ಮಗ.

"ನೀನು ಹುಟ್ಟಿದಾಗ ನನಗೆ ಕಾಮಾಲೆ, ಏಳೋಕೂ ಆಗ್ತಿರಲಿಲ್ಲ" ಎಂದಳು ಅಮ್ಮ. "ತನ್ನ ಮಗನ ಜೊತೆ ನಿನಗೂ ಎದೆಹಾಲು ಕೊಟ್ಟಿದ್ದು ಆಕೆ. ಹಾಲು ಕುಡಿಸಿದವಳೂ ತಾಯೀನೇ ಅಂತ ಅವರ ಧರ್ಮದಲ್ಲಿ. ಆ ಹುಡುಗ ಇವತ್ತಿಗೂ ನಿನ್ನನ್ನ ತನ್ನ ತಂಗಿ ಅಂತಾನೆ. ನಿಮ್ಮಜ್ಜಿ ಮಡಿ ನಿಂಗೇ ಗೊತ್ತಲ್ಲ, ಮನೇಲಿ ಬಾಯೇ ಬಿಡಲಿಲ್ಲ. ಹಾಲು ಕೊಟ್ಟ ಆ ತಾಯಿ ಮುಂದೆನೇ ನಿನ್ನ ನಿಲ್ಲಿಸಿ ಹೇಳೋಣ ಅಂತಿದ್ದೆ."

ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. "ಬೇಲಿ ಹತ್ರಾನೇ ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ನೀನು ದಾಟೇಬಿಡ್ತಿದ್ದೆ."

ಅಮ್ಮನಿಗಿರುವಷ್ಟು ನಂಬಿಕೆ ನನ್ನ ಮೇಲೆ ನನಗಿಲ್ಲ. ನಾವು ಬೇಲಿಯಿಂದ ಮರಳಿದ ಆ ದಿನ, ಬರುತ್ತೇವೆಂದು ಅಮ್ಮ ಮೊದಲೇ ತಿಳಿಸಿದ್ದರಿಂದ, ಆಕೆ, ನಾವು ಮಾಂಸ ತಿನ್ನದವರೆಂದು ಹೊಸ ಪಾತ್ರೆ ತರಿಸಿ, ಅನ್ನ ಮಾಡಿ, ಸಂಜೆಯವರೆಗೂ ಬಾಗಿಲು ತೆರೆದಿಟ್ಟುಕೊಂಡು ಕಾದಿದ್ದಳಂತೆ.