ರೇಷ್ಮೆಗೆಂದು ಹಿಡಿದಿಟ್ಟ ನೀರು

ಮೇಘಾಳಿಗೆ ಹೊಸ ಹಲ್ಲು ಎರಡು ಮೂಡಿದ್ದವು. ಮೇಲೆಲ್ಲ ಸುಣ್ಣ ಸಿಡಿದಂತೆ ಬಿಳಿ ಗೆರೆ. ಚೌಡೇಶ್ವರಿ ಬೆರಳಿಗೆ ಉಪ್ಪು ಹಚ್ಚಿಕೊಂಡು ತಿಕ್ಕಿಯೇ ತಿಕ್ಕಿದಳು.

"ಬಿಡವ್ವಾ, ಉರಿತೈತೆ!" ಎಂದು ಮಗಳು ಕೊಸರಿಕೊಂಡು ಶಾಲೆಗೆ ಓಡಿದಳು.

ಮೊಳಕಾಲ್ಮೂರಿನ ಆ ನೇಕಾರರ ಬೀದಿಯಲ್ಲಿ ಕಲೆಯಿಲ್ಲದ ಹಲ್ಲು ಎಂದರೆ ಈ ಬೋರಿನ ನೀರು ಕುಡಿದು ಬೆಳೆಯದ, ಬೇರೆ ಊರಿಂದ ಬಂದ ಸೊಸೆಯರದೇ. ಚೌಡೇಶ್ವರಿಯದೂ ಹಾಗೇ. ಗಂಡ ನಾಗಾರ್ಜುನ ಕಲೆ ಕಾಣದಿರಲೆಂದು ಮದುವೆಯ ಫೋಟೋದಲ್ಲೂ ತುಟಿ ಬಿಚ್ಚಿರಲಿಲ್ಲ. ಮೇಘಾಳದು ಆಗಿಹೋಯಿತು, ಒಂದೂವರೆ ವರ್ಷದ ಮಗ ಗೋಪಿಗೆ ಹಾಲುಹಲ್ಲು ಬಿದ್ದ ಮೇಲೆ ಬರುವ ಗಟ್ಟಿ ಹಲ್ಲುಗಳಿನ್ನೂ ದವಡೆಯೊಳಗೇ ಇವೆ. ಅವನ್ನಾದರೂ ಉಳಿಸಿಕೊಳ್ಳಬೇಕು.

ಬೀದಿಯ ಶುದ್ಧ ನೀರಿನ ಘಟಕ ಕೆಟ್ಟು ಎರಡು ತಿಂಗಳಾಗಿತ್ತು. ಅಂದಿನಿಂದ ಅವಳು ಬೋರಿನ ನೀರನ್ನು ಕಷಾಯದ ಹಾಗೆ ಕುದಿಸಿ ಅರ್ಧಕ್ಕಿಳಿಸಿ ಗೋಪಿಗೆ ಕುಡಿಸುತ್ತಿದ್ದಳು. ಬತ್ತಿದಷ್ಟೂ ಕೆಟ್ಟದ್ದು ಹೋಯಿತೆಂಬುದು ಅವಳ ನಂಬಿಕೆ.

ಆ ದಿನ ಆಶಾ ಕಾರ್ಯಕರ್ತೆ ವಾಣಿಶ್ರೀ ನೀರು ಪರೀಕ್ಷೆಯ ಡಬ್ಬಿ ಹಿಡಿದು ಬಂದಳು. ಒಂದು ಬಾಟಲಿಗೆ ಬೋರಿನ ನೀರು, ಇನ್ನೊಂದಕ್ಕೆ ಕುದಿಸಿದ ನೀರು ತುಂಬಿ ಎರಡಕ್ಕೂ ಕೆಂಪು ದ್ರಾವಣ ಹಾಕಿದಳು.

"ಏನಮ್ಮಾ, ನಮ್ ಬಣ್ಣದ ಕೆಲ್ಸಕ್ಕೆ ನೀನೂ ಇಳಿದ್ಯಾ?" ಅತ್ತೆ ಗೋವಿಂದಮ್ಮ ನಕ್ಕರು. ಮೂವತ್ತು ವರ್ಷ ರೇಷ್ಮೆಗೆ ಬಣ್ಣ ಕಟ್ಟಿದ ಕೈ ಅವರದು. ನಗುತ್ತಲೇ ಬಗ್ಗಿ ಬಾಟಲಿಗಳನ್ನು ನೋಡಿದರು. "ಎರಡೂ ಹಳದಿಗೆ ತಿರುಗ್ಯಾವೆ. ಕುದಿಸಿದ್ದೇ ಜಾಸ್ತಿ ತಿರುಗೈತಲ್ಲೇ!"

"ಹಳದಿ ಆದಷ್ಟೂ ಫ್ಲೋರೈಡ್ ಜಾಸ್ತಿ ಅಂತ," ಎಂದಳು ವಾಣಿಶ್ರೀ. "ಕುದಿಸಿದ್ರೆ ಕ್ರಿಮಿ ಸಾಯ್ತವೆ ಅಕ್ಕಾ, ಫ್ಲೋರೈಡ್ ಹೋಗಲ್ಲ. ನೀರು ಬತ್ತಿದಂಗೆಲ್ಲ ಅದು ಗಟ್ಟಿ ಆಗ್ತೈತೆ."

ಎರಡು ತಿಂಗಳು! ಒಂದೊಂದು ಗುಟುಕನ್ನೂ ಚೌಡೇಶ್ವರಿ ತನ್ನ ಕೈಯಾರೆ ಕುಡಿಸಿದ್ದಾಳೆ. ಅವಳು ಲೋಟ ಹಿಡಿದು ಹಿತ್ತಲಿಗೆ ನಡೆದಳು. ಅಲ್ಲಿ ಬಟ್ಟೆ ಕಟ್ಟಿ ಮುಚ್ಚಿದ ಡ್ರಮ್ಮಿನಲ್ಲಿ ಮಳೆನೀರಿತ್ತು. ಬೋರಿನ ನೀರಿಗೆ ಬಣ್ಣ ಮಂಕಾಗುತ್ತದೆಂದು ರೇಷ್ಮೆಗೇ ಮೀಸಲಿಟ್ಟ ನೀರು; ಮನೆಯವರು ಯಾರೂ ಮುಟ್ಟುವಂತಿರಲಿಲ್ಲ.

"ನಿಲ್ಲಮ್ಮಾಯಿ! ನಾಳೆ ರೇಷ್ಮೆ ನೂಲಿನ ಲಡಿ ಕೆಂಪಿಗೆ ಅದ್ದಬೇಕು," ಎಂದರು ಗೋವಿಂದಮ್ಮ.

"ಒಂದೇ ಲೋಟ ಅತ್ತೆ."

ವಾಣಿಶ್ರೀ ಆ ನೀರಿಗೂ ದ್ರಾವಣ ಹಾಕಿದಳು. ಕೆಂಪು ಕೆಂಪಾಗಿಯೇ ನಿಂತಿತು. ಗೋವಿಂದಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮೊದಲ ಮಳೆ ಬಿಟ್ಟು ಹಿಡಿದಿದ್ದಾ ಅಮ್ಮಾ?" ವಾಣಿಶ್ರೀ ಕೇಳಿದಳು.

"ಮಾಳಿಗೆ ತೊಳೆದು ಬರೋ ನೀರನ್ನ ನಾನು ರೇಷ್ಮೆಗೂ ಹಾಕಲ್ಲ ಕಣೆ."

"ಹಂಗಾದ್ರೆ ಸೋಸಿ, ಒಂದು ಕುದಿ ಬಂದ ಕೂಡ್ಲೇ ಇಳಿಸಿ. ಮಕ್ಕಳಿಗೆ ಕುಡಿಯಕ್ಕೂ ಅಡಿಗೆಗೂ ಇದೇ. ಬೋರಿನ ನೀರು ಸ್ನಾನಕ್ಕೆ, ಪಾತ್ರೆಗೆ ಇಟ್ಕೊಳ್ಳಿ. ಘಟಕದ ವಿಷಯ ನಾನು ಪಂಚಾಯ್ತಿಗೆ ಬರೆದು ಕೊಡ್ತೀನಿ."

ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ನಾಗಾರ್ಜುನನ ದನಿ ಕೇಳಿತು: "ಮತ್ತೆ ನಮ್ ಕೆಂಪು ಏನ್ ಮಾಡೋದವ್ವಾ?"

"ಕೆಂಪು ಕಾಯ್ತೈತೆ ಬಿಡಪ್ಪಾ. ಮಗೀನ ಹಲ್ಲು ಕಾಯ್ತೈತಾ?" ಎಂದ ಗೋವಿಂದಮ್ಮ, ಡ್ರಮ್ಮಿನ ಬಟ್ಟೆ ತಾವೇ ಬಿಚ್ಚಿ ಬಿಂದಿಗೆ ತುಂಬಿಕೊಟ್ಟರು.

ಒಲೆ ಮೇಲಿಟ್ಟ ನೀರಿಗೆ ಒಂದು ಕುದಿ ಬಂದದ್ದೇ ಚೌಡೇಶ್ವರಿ ತಟ್ಟನೆ ಇಳಿಸಿದಳು. ಆಮೇಲೆ ಹಿತ್ತಲಿಗೆ ಹೋಗಿ ಡ್ರಮ್ಮನ್ನು ಬೆರಳಿನಿಂದ ಬಡಿದು ನೋಡಿದಳು. ಸದ್ದು ಅರ್ಧಕ್ಕಿಂತ ಕೆಳಗಿನವರೆಗೂ ಟೊಳ್ಳಾಗಿತ್ತು; ನೀರು ಅರ್ಧವೂ ಉಳಿದಿರಲಿಲ್ಲ. ಬ್ರಹ್ಮಗಿರಿ ಬೆಟ್ಟದ ಕಡೆ ಒಂದು ಮೋಡವೂ ಇರಲಿಲ್ಲ. ಒಳಗೆ ಗೋಪಿ ಲೋಟಕ್ಕಾಗಿ ಅಳತೊಡಗಿದ್ದ, ನೀರಿನ್ನೂ ಆರಿರಲಿಲ್ಲ.