ಮೂರು ಮರಿ, ಮೂರು ಬಸ್ಸು

ಕಳೆದ ಶುಕ್ರವಾರ ನಮ್ಮ ಮನೆಯ ಅತಿಥಿಗಳು ಬಾಗಿಲಿನಿಂದ ಗೇಟಿನವರೆಗೆ ಹೋಗಲು ಮೂರು ತಾಸು ತೆಗೆದುಕೊಂಡರು. ಬಾಗಿಲಿಗೂ ಗೇಟಿಗೂ ನಡುವೆ ಇರುವುದು ಹದಿನೆಂಟು ಹೆಜ್ಜೆ. ನಾನೇ ಎಣಿಸಿದ್ದೇನೆ.

ತಪ್ಪು ಅತಿಥಿಗಳದ್ದಲ್ಲ. ನನ್ನದೂ ಅಲ್ಲ. ಮೂರು ಬೆಕ್ಕಿನ ಮರಿಗಳದ್ದು. (ಪೂರ್ತಿ ಅವುಗಳದ್ದೂ ಅಲ್ಲ. ಮುಂದೆ ಹೇಳುತ್ತೇನೆ.)

ನಮ್ಮ ಮನೆ ಇರುವುದು ಮಿಯಾಪುರ ದಾಟಿದ ಮೇಲೆ. ಮೆಹದಿಪಟ್ಟಣದ ಬಾಡಿಗೆ ಮನೆ ಬಿಟ್ಟು ಇಲ್ಲಿ ಸ್ವಂತ ಮನೆ ಕಟ್ಟಿದಾಗ, "ಇದೇನು ಹೈದರಾಬಾದೋ, ವಾಪಸ್ ಹಳ್ಳಿಗೇ ಹೋದಿರೋ?" ಎಂದು ಗೆಳತಿಯರು ಕೇಳಿದ್ದರು. ಪ್ರಶ್ನೆ ತಪ್ಪಲ್ಲ. ಟೆರೇಸ್ ಹತ್ತಿದರೆ ದೂರದಲ್ಲಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು, ಅವುಗಳ ತಲೆಯ ಮೇಲೆ ಕ್ರೇನುಗಳು. ಕೆಳಗಿಳಿದರೆ ಎಮ್ಮೆಗಳು. ರೋಡ್ ಬರುತ್ತದೆ, ಬೀದಿ ದೀಪ ಬರುತ್ತದೆ ಎಂದು ಎಲ್ಲರೂ ಹೇಳುತ್ತಲೇ ಇದ್ದಾರೆ. ಸದ್ಯಕ್ಕೆ ಬಂದಿರುವುದು ಬೆಕ್ಕು ಮಾತ್ರ.

ಅದು ಗೊಬ್ಬರದ ಚೀಲಗಳ ಹಿಂದೆ ಮೂರು ಮರಿ ಹಾಕಿತು. ಒಂದು ಕೆಂಪು, ಒಂದು ಕಪ್ಪು, ಇನ್ನೊಂದು ಎರಡೂ ಬಣ್ಣದ್ದು. ಈಗ ಎರಡು ತಿಂಗಳ ಪುಂಡರು. ತೋಟ ಎಂದರೆ ನಮ್ಮದೇನು ದೊಡ್ಡದಲ್ಲ. ಒಂದು ಮೆಂತ್ಯದ ಮಡಿ, ಒಂದಿಷ್ಟು ಪುಂಡಿಪಲ್ಯ, ಹೀರೆಬಳ್ಳಿಯ ಚಪ್ಪರ, ಎರಡು ಮಲ್ಲಿಗೆ ಗಿಡ. ಮೆಂತ್ಯ ಮೊಳೆತ ದಿನವೇ ಅದರ ಮೇಲೆ ಕುಸ್ತಿ ನಡೆಯಿತು. ಹೀರೆಕಾಯಿ ಗಾಳಿಗೆ ಅಲ್ಲಾಡಿದರೆ ಸಾಕು, ಹಾರಿ ಜೋತು ಬೀಳುತ್ತವೆ. ಬೈಯಲು ಹೋದರೆ ನನ್ನ ಸೆರಗನ್ನೇ ಹಿಡಿದು ಜಗ್ಗುತ್ತವೆ. ಸಿಟ್ಟು ಎಷ್ಟು ಹೊತ್ತು ನಿಲ್ಲುತ್ತದೆ, ಹೇಳಿ?

ಇಂಥ ಮನೆಗೆ ಗುರುವಾರ ಸಂಜೆ ಹುಮನಾಬಾದಿನಿಂದ ನನ್ನ ಅಣ್ಣ, ವೈನಿ (ಅಂದರೆ ಅತ್ತಿಗೆ), ಅವರ ಮಗಳು ಸವಿತಾ ಬಂದರು. ಅಣ್ಣನದು ಬಟ್ಟೆ ಅಂಗಡಿ. ಮಾಲು ತರಲು ಸುಲ್ತಾನ್ ಬಜಾರಿಗೆ ಬಂದು ಅದೇ ದಿನ ವಾಪಸ್ ಹೋಗುವ ಅವನಿಗೆ ಹೈದರಾಬಾದ್ ಎಂದರೆ ಅಷ್ಟೇ. ಸವಿತಾ ಇಂಜಿನಿಯರ್. ಇಲ್ಲಿಯ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ಶುಕ್ರವಾರ ನಾಲ್ಕು ಗಂಟೆಗೆ ಕಂಪನಿಯವರು ನಮ್ಮ ಮನೆಗೆ ಫೋನ್ ಮಾಡುವವರಿದ್ದರು. ಹೂಂ ಎಂದರೆ ಸೋಮವಾರದಿಂದ ಕೆಲಸ. ಇಲ್ಲವೆಂದರೆ ಆ ಕುರ್ಚಿ ಬೇರೆಯವರಿಗೆ. ಅವಳು ಇರಬೇಕಾದದ್ದು ನಮ್ಮ ಮನೆಯಲ್ಲಿ. ಅದಕ್ಕೇ ಅಣ್ಣ ಮನೆ ನೋಡಲು ಬಂದಿದ್ದ.

ನೋಡಿದ. ಬಸ್ ಸ್ಟಾಪಿನಿಂದ ಕಚ್ಚಾ ರಸ್ತೆಯಲ್ಲಿ ನಡೆದು ಬರುವಾಗಲೇ ನೋಡಬೇಕಾದದ್ದೆಲ್ಲ ನೋಡಿಬಿಟ್ಟಿದ್ದ.

ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ಹೇಳಿದ: "ಆಗಂಗಿಲ್ಲ ತಂಗಿ. ದಾರ್ಯಾಗ ದೀಪ ಇಲ್ಲ, ಮನಿ ಇಲ್ಲ. ಹುಡುಗಿ ಎಷ್ಟೊತ್ತಿಗೆ ಬರ್ತಾಳೋ, ಯಾರ ಗಾಡ್ಯಾಗ ಬರ್ತಾಳೋ. ಫೋನ್ ಬಂದ್ರ ಆಗಂಗಿಲ್ಲ ಅಂತ ನೀನ ಹೇಳಿಬಿಡು. ನಾವು ಎರಡರ ಬಸ್ಸಿಗೆ ಹೋಗ್ತೀವಿ."

ಸವಿತಾ ಎದ್ದಳು. ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ವೈನಿ ಉಳಿದ ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚಿದರು. (ಅಣ್ಣನ ಎದುರು ಅವರು ಮಾತಾಡಿದ್ದನ್ನು ನಾನಂತೂ ಕೇಳಿಲ್ಲ.) ನಾನು ಮಾತ್ರ ಹತ್ತು ನಿಮಿಷ ಭಾಷಣ ಮಾಡಿದೆ. ಅಂಕಣ ಬರೆಯುವವರ ಭಾಷಣವನ್ನು ಮನೆಯಲ್ಲಿ ಯಾರು ಕೇಳುತ್ತಾರೆ?

ಅಣ್ಣ ಚೀಲ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ ಹೊರಗೆ ಇಳಿದ. ಅಷ್ಟರಲ್ಲಿ ಕೆಂಪು ಮರಿ ಮಲ್ಲಿಗೆಯ ಬುಡದಿಂದ ಹಾರಿ, ಅವನ ಕಾಲ ಮುಂದೆಯೇ ದಾಟಿ, ಮೆಂತ್ಯದೊಳಗೆ ನುಗ್ಗಿತು.

ಅಣ್ಣ ನಿಂತುಬಿಟ್ಟ.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಟಾಗ ಬೆಕ್ಕು ಅಡ್ಡ ಬಂದರೆ ಮರಳಿ ಬರಬೇಕು, ಕೂರಬೇಕು, ನೀರು ಕುಡಿದು ಏಳಬೇಕು. ನಮ್ಮ ಮನೆತನದಲ್ಲಿ ಇನ್ನೂ ಒಂದಿಷ್ಟು ಸೇರ್ಪಡೆ ಇದೆ. ಚಪ್ಪಲಿ ಕಳಚಿ, ಕಾಲು ತೊಳೆದೇ ಒಳಗೆ ಬರಬೇಕು. ಒಳಗೆ ಬಂದು ಕೂತವರನ್ನು ಚಹಾ ಕೊಡದೆ ಕಳಿಸುವಂತಿಲ್ಲ. ಹಾಲು ಕಾಯಬೇಕು, ಶುಂಠಿ ಜಜ್ಜಬೇಕು. ಅಷ್ಟು ಹೊತ್ತು ಎರಡರ ಬಸ್ಸು ಕಾಯುತ್ತದೆಯೇ? ಹೋಯಿತು.

ಮೂರರ ಬಸ್ಸಿಗೆ ಕಪ್ಪು ಮರಿ ಅಡ್ಡ ಬಂತು. (ಕಪ್ಪು! ಅಣ್ಣ ಎರಡು ಲೋಟ ನೀರು ಕುಡಿದ.) ಮತ್ತೆ ಕಾಲು ತೊಳೆದದ್ದಾಯಿತು, ಮತ್ತೆ ಚಹಾ ಆಯಿತು. ಚಹಾ ಕುಡಿಯುತ್ತಿದ್ದಾಗ ಅದೇ ಮರಿ ಒಳಗೆ ಬಂದು, ಅವನ ಪ್ಯಾಂಟು ಹಿಡಿದು ಏರಿ, ತೊಡೆಯ ಮೇಲೆ ಸುತ್ತಿಕೊಂಡು ಮಲಗಿತು.

"ಅಡ್ಡ ಬಂದ್ರ ಕುಂದ್ರಬೇಕು, ಖರೆ. ತೊಡಿ ಮ್ಯಾಲ ಕುಂತ್ರ ಏನು ಮಾಡಬೇಕಣ್ಣಾ?" ಎಂದೆ.

"ನಗಬ್ಯಾಡ. ಇವನ್ನ ಯಾಕ ಸಾಕೀ?"

"ನಾ ಎಲ್ಲಿ ಸಾಕೀನಿ? ಅವ ನಮ್ಮನ್ನ ಸಾಕಾಕತ್ತಾವ."

ಅವನಿಗೆ ನಗು ಬಂತು, ಆದರೆ ತೋರಿಸಿಕೊಳ್ಳಲಿಲ್ಲ. ಮರಿಯನ್ನು ಕೆಳಗಿಳಿಸಲೂ ಇಲ್ಲ.

ಮರಿ ತಾನಾಗಿ ಇಳಿದು ಹೊರಗೆ ಹೋದ ಮೇಲೆ, ನಾಲ್ಕರ ಬಸ್ಸು ತಪ್ಪಬಾರದೆಂದು ಮೂರೂವರೆಗೇ ಎದ್ದ. ಈ ಸಲ ಬಾಗಿಲಲ್ಲಿ ನಿಂತು ಮೊದಲು ಬಲಕ್ಕೆ ನೋಡಿದ, ಆಮೇಲೆ ಎಡಕ್ಕೆ ನೋಡಿದ, ಮೆಹದಿಪಟ್ಟಣದಲ್ಲಿ ರೋಡ್ ದಾಟುವವರ ಹಾಗೆ. ಬಲಗಡೆ ನೀರಿನ ತೊಟ್ಟಿಯ ಹತ್ತಿರ ವೈನಿ ನಿಂತಿದ್ದರು. ಎಡಗಡೆ ಚಪ್ಪರದ ನೆರಳಿನಲ್ಲಿ ಮೂರೂ ಮರಿಗಳು ಒಂದರ ಮೇಲೊಂದು ಬಿದ್ದು ನಿದ್ದೆ ಹೊಡೆಯುತ್ತಿದ್ದವು. ದಾರಿ ಸಾಫ್.

ಅಣ್ಣ ಹತ್ತು ಹೆಜ್ಜೆ ಹೋಗಿದ್ದನೋ ಇಲ್ಲವೋ, ಎರಡು ಬಣ್ಣದ ಮರಿ ಎಡದಿಂದ ಬಲಕ್ಕೆ ಬಾಣದಂತೆ ಹಾದುಹೋಯಿತು.

ಆಗತಾನೇ ನಿದ್ದೆ ಮಾಡುತ್ತಿದ್ದ ಮರಿಗೆ ಏನಾಯಿತು? ನಾನು ಬಗ್ಗಿ ನೋಡಿದೆ. ಅದು ಒಂದು ಒಣಗಿದ ಹೀರೆ ಎಲೆಯನ್ನು ಅಟ್ಟಿಸಿಕೊಂಡು ಬಂದಿತ್ತು. ಎಲೆಗೆ ಮಲ್ಲಿಗೆ ಕಟ್ಟುವ ಬಿಳಿ ದಾರ ಗಂಟು ಹಾಕಿತ್ತು. ದಾರದ ಇನ್ನೊಂದು ತುದಿ ತೊಟ್ಟಿಯ ಪಕ್ಕದಲ್ಲಿ, ವೈನಿಯ ಸೆರಗಿನೊಳಗಿನ ಕೈಯಲ್ಲಿತ್ತು.

ವೈನಿ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ. (ವೈನಿ ಈ ಅಂಕಣವನ್ನು ತಪ್ಪದೆ ಓದುತ್ತಾರೆ. ಅಣ್ಣ ಓದುವುದಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.)

ಅಣ್ಣ ಕಾಲು ತೊಳೆದು, ಒಳಗೆ ಬಂದು ಕೂತ. ನಾನು ನಿಧಾನವಾಗಿ, ಬಹಳ ನಿಧಾನವಾಗಿ ಚಹಾ ಮಾಡಿದೆ. ಅವನು ನೀರಿನ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಫೋನ್ ಬಂತು.

"ಹೇಳಿಬಿಡು," ಎಂದ.

ರಿಸೀವರ್ ಎತ್ತಿದೆ. ಸವಿತಾ ಇದ್ದಾರೆಯೇ ಎಂದು ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು. ಇನ್ನೊಬ್ಬರ ಬದುಕಿಗೆ 'ಆಗುವುದಿಲ್ಲ' ಎಂದು ಹೇಳಲು ನಾನು ಯಾರು? ಹೇಳುವುದಿದ್ದರೆ ಅವಳೇ ಹೇಳಲಿ. ರಿಸೀವರನ್ನು ಸವಿತಾಳ ಕೈಗಿಟ್ಟೆ.

ಆ ಕಡೆಯಿಂದ ಇಂಗ್ಲಿಷ್ ಬರುತ್ತಿತ್ತು. ಸವಿತಾ ಮಾತಾಡಿದ್ದು ಹಿಂದಿಯಲ್ಲಿ. ಅವಳಿಗೆ ಇಂಗ್ಲಿಷ್ ಬರುವುದಿಲ್ಲವೆಂದಲ್ಲ. ಅವಳ ಅಪ್ಪನಿಗೆ ಬರುವುದಿಲ್ಲ. ಅವನಿಗೆ ಬರುವುದು ಅಂಗಡಿಯ ಹಿಂದಿ.

"ಗಾಡಿ ಗೇಟ್ ತಕ್ ಆತೀ ಕ್ಯಾ?" ಎಂದು ಕಂಪನಿಯ ಗಾಡಿಯಿಂದಲೇ ಶುರು ಮಾಡಿದಳು. ಮೇನ್ ರೋಡಿನಲ್ಲಿ ಇಳಿಸಿದರೆ ನಡೆಯಲ್ಲ, ಒಳಗೆ ಕಚ್ಚಾ ರಸ್ತೆ, ದೀಪವಿಲ್ಲ ಎಂದಳು. ಸಂಜೆ ಎಷ್ಟಕ್ಕೆ ಬಿಡುತ್ತೀರಿ? ಗಾಡಿಯಲ್ಲಿ ಬೇರೆ ಹುಡುಗಿಯರು ಇರುತ್ತಾರೋ, ನಾನೊಬ್ಬಳೇನೋ? ಮಳೆಗೆ ಗಾಡಿ ಸಿಕ್ಕಿಕೊಂಡರೆ ಯಾರಿಗೆ ಫೋನ್ ಮಾಡಬೇಕು? ಆ ನಂಬರನ್ನು ನಮ್ಮ ಅಪ್ಪನಿಗೂ ಕೊಡುತ್ತೀರಾ? ಕೊನೆಗೆ, "ಐದು ನಿಮಿಷ ಕೊಡಿ, ನಮ್ಮ ಅಪ್ಪನನ್ನು ಕೇಳಿ ನಾನೇ ಫೋನ್ ಮಾಡುತ್ತೇನೆ" ಎಂದು ರಿಸೀವರ್ ಇಟ್ಟಳು.

ಅಣ್ಣನ ಲೋಟ ಕೈಯಲ್ಲೇ ಇತ್ತು. "ಗಾಡಿ ಗೇಟಿನ ತನಕ ಬರತೈತಂತೇನು?" ಎಂದ. ಎಲ್ಲ ತಾನೇ ಕೇಳಿಸಿಕೊಂಡಿದ್ದನಲ್ಲ, ಆದರೂ.

"ಬರತೈತಂತಪ್ಪಾ. ಇನ್ನಿಬ್ರು ಹುಡುಗೀರು ಇರ್ತಾರಂತ. ನಂಬರ್ ನಿಮಗೂ ಕೊಡ್ತಾರಂತ."

"ಇಷ್ಟೆಲ್ಲಾ ಕೇಳಬೇಕಂತ ನಿನಗ ಯಾರು ಹೇಳಿದ್ರು?"

"ನೀವ. ನಿನ್ನೆ ಬಸ್ ಸ್ಟಾಪಿನಿಂದ ಬರೂ ಮುಂದ ದಾರಿ ಪೂರಾ ಇದನ್ನ ಅನಕೋತ ಬಂದ್ರಿ."

ಅಣ್ಣ ಮಗಳನ್ನು ನೋಡಿದ. ಅಂಗಡಿಯಲ್ಲಿ ಇಷ್ಟು ದಿನ ಕಣ್ಣಿಗೇ ಬೀಳದಿದ್ದ ಒಳ್ಳೆಯ ಸೀರೆಯನ್ನು ನೋಡಿದ ಹಾಗೆ. ಆಮೇಲೆ ನೀರನ್ನು ಪೂರ್ತಿ ಕುಡಿದು, "ಒಂದು ತಿಂಗಳು ನೋಡೂಣು," ಎಂದ. ನಮ್ಮ ಮನೆಯ ಗಂಡಸರು ಹೂಂ ಎನ್ನುವುದು ಹೀಗೇ. ಇದಕ್ಕಿಂತ ಸ್ಪಷ್ಟವಾಗಿ ಅವರಿಗೆ ಬರುವುದಿಲ್ಲ. ಸವಿತಾ ಆಗಲೇ ಕಂಪನಿಯ ನಂಬರ್ ಒತ್ತುತ್ತಿದ್ದಳು.

ನಾನು ಒಳಗೆ ಹೋದರೆ ವೈನಿ ಆಗಲೇ ಸವಿತಾಳ ಬಟ್ಟೆಗಳನ್ನು ಚೀಲದಿಂದ ತೆಗೆದು ಕಪಾಟಿನಲ್ಲಿ ಜೋಡಿಸುತ್ತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಬಾಯಿಗೆ ಸೆರಗು ಹಿಡಿದು ನಕ್ಕೆವು. ನಗುತ್ತ ನಗುತ್ತ ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟು ಖುಷಿಯಾಗಿತ್ತು.

ಐದರ ಬಸ್ಸಿಗೆ ಅಣ್ಣ ವೈನಿ ಇಬ್ಬರೇ ಹೊರಟರು. ಸವಿತಾ ನನ್ನ ಪಕ್ಕದಲ್ಲಿ ನಿಂತಿದ್ದಳು. ಅಣ್ಣ ಗೇಟಿಗೆ ಕೈ ಹಾಕುವಷ್ಟರಲ್ಲಿ ಕೆಂಪು ಮರಿ, ಯಾರ ದಾರವೂ ಇಲ್ಲದೆ, ತನ್ನ ಪಾಡಿಗೆ ತಾನು ಅವನ ಮುಂದೆ ದಾಟಿ ಹೋಯಿತು.

"ಎರಡು ಮಿನಿಟ ಕುಂತು ಹೋಗಣ್ಣಾ!"

ಕೂಗಿದ್ದು ನಾನು. ಹೌದು, ಇದೇ ಅಂಕಣದಲ್ಲಿ ಶಕುನ ಅಪಶಕುನಗಳನ್ನು ಎಷ್ಟೋ ಸಲ ಗೇಲಿ ಮಾಡಿರುವ, ಅದಕ್ಕೆ ನಿಮ್ಮಲ್ಲಿ ಕೆಲವರಿಂದ ಪತ್ರದಲ್ಲಿ ಬೈಸಿಕೊಂಡಿರುವ ನಾನೇ. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ನಾನು ಬೆಕ್ಕನ್ನು ನಂಬಿದೆನೆಂದಲ್ಲ. ಹೈವೇ, ಎದುರಿಗೆ ಬರುವ ಲಾರಿಗಳು, ಅಣ್ಣನ ಬಿಪಿ ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಮಧ್ಯಾಹ್ನ ಅಣ್ಣ ಹೇಳಿದ 'ಆಗಂಗಿಲ್ಲ' ಕೂಡ ಇಂಥದೇ ಹೆದರಿಕೆಯಿಂದ ಬಂದಿತ್ತೆಂದು ನನಗೆ ಆಗ ಅರ್ಥವಾಯಿತು. ಹತ್ತು ನಿಮಿಷದ ಭಾಷಣದಲ್ಲಿ ನಾನು ಆ ಹೆದರಿಕೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

"ಇನ್ನೆಷ್ಟು ಕುಂದ್ರಸ್ತೀ ನನ್ನ? ಬಸ್ ತಪ್ಪತೈತಿ," ಎಂದು ಅಣ್ಣ ಗೇಟು ತೆಗೆದು ನಡೆದೇಬಿಟ್ಟ.

ನಮ್ಮವರು ಹೊರಗೆ ಹೆಜ್ಜೆ ಇಟ್ಟಾಗ, 'ಹೋಗಿ ಬಾ' ಎನ್ನುವ ಮೊದಲು ನಮ್ಮ ಪ್ರೀತಿ 'ಕುಂದ್ರು' ಎಂದೇ ಯಾಕೆ ಬಾಯಿ ತೆರೆಯುತ್ತದೆ?