ಎಲ್ಲರ ಸೈಕಲ್ಲು, ಹಿಪ್ಪುನೇರಳೆ ಸೊಪ್ಪು

ಶ್ರೀನಿವಾಸಪುರದಿಂದ ಬಂದು ಯಲ್ದೂರಿನ ಹತ್ತಿರ ಬಸ್ಸಿಳಿದರೆ, ನಾನು ಪಾಠ ಹೇಳುವ ಶಾಲೆಗೆ ಇನ್ನೂ ಎರಡು ಕಿಲೋಮೀಟರ್. ಆಟೋ ಬಂದರೆ ಬಂತು, ಇಲ್ಲದಿದ್ದರೆ ನಡಿಗೆ.

ಒಂದು ದಿನ ನಮ್ಮ ವಿಜ್ಞಾನದ ಮೇಷ್ಟ್ರು, "ದೊಡ್ಡ ಊರುಗಳಲ್ಲಿ ರಸ್ತೆ ಬದೀಲಿ ಸೈಕಲ್ ನಿಲ್ಸಿರ್ತಾರೆ ಮೇಡಂ. ಬೇಕಾದೋರು ತಗೊಂಡು ಹೋಗ್ತಾರೆ. ನಾವೂ ಮಾಡೋಣ" ಎಂದರು. ಎರಡು ಹಳೆಯ ಸೈಕಲ್ಲುಗಳನ್ನು ರಿಪೇರಿ ಮಾಡಿಸಿ ಬಸ್ಸು ನಿಲ್ಲುವ ಕಡೆಯ ಟೀ ಅಂಗಡಿಯ ಪಕ್ಕ ಇಟ್ಟೆವು. ಕೀಲಿಕೈಯ ಗೋಜು ಬೇಡವೆಂದು ನಂಬರ್ ಬೀಗ ಹಾಕಿದೆವು.

ಹೈಸ್ಕೂಲು ಮುಗಿದ ಮೇಲೆ ನಾನು ಸೈಕಲ್ ಮುಟ್ಟಿರಲಿಲ್ಲ. ಮೊದಲ ವಾರವೇ ಎರಡು ಸಲ ರಾಗಿ ಹೊಲಕ್ಕೆ ಇಳಿದೆ. ತಿಂಗಳು ತುಂಬುವುದರೊಳಗೆ ಒಂದು ಕೈ ಬಿಟ್ಟು, ಎದುರು ಸಿಕ್ಕವರಿಗೆಲ್ಲ ಕೈಬೀಸುವಷ್ಟು ಪೊಗರು ಬಂತು.

ಒಂದು ಸೋಮವಾರ ನೋಡಿದರೆ, ಒಂದು ಸೈಕಲ್ಲನ್ನು ಮೇಷ್ಟ್ರು ಒಯ್ದಿದ್ದರು, ಇನ್ನೊಂದು ಮಾಯ! ಬೈದುಕೊಳ್ಳುತ್ತ ಅರ್ಧ ದಾರಿ ನಡೆದಾಗ ಅದು ಎದುರಿಗೇ ಬಂತು. ಮೇಲೊಬ್ಬ ತಾತ, ಹಿಂದೆ ಅವರಿಗಿಂತ ಎತ್ತರದ ಹಿಪ್ಪುನೇರಳೆ ಸೊಪ್ಪಿನ ಹೊರೆ.

"ತಾತ, ಇದು ನಮ್ ಸೈಕಲ್ಲು!"

"ಗೊತ್ತಮ್ಮ. ಬಸ್ ಇಳಿದೋರಿಗೆ ಅಂತಾನೇ ಮಡಗಿರೋದಂತಲ್ಲ? ನಾನೂ ಬಸ್ ಇಳಿದೇ ತಗೊಂಡಿದ್ದು. ರೇಷ್ಮೆ ಹುಳ ಹಸ್ಕೊಂಡವೆ."

"ಬೀಗದ ನಂಬರ್ ಯಾರ್ ಹೇಳಿದ್ರು?"

"ನೀವೇ! ದಿನಾ ಜೋರಾಗಿ ಹೇಳ್ಕೊಂಡು ತಿರುಗಿಸ್ತೀರಲ್ಲ. ಟೀ ಅಂಗ್ಡಿಗೆ ಬರೋರಿಗೆಲ್ಲ ಬಾಯಿಪಾಠ ಆಗೈತೆ."

ಇಪ್ಪತ್ತು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಬಾಯಿ. ನಂಬರನ್ನೂ ಹಾಗೇ ಕಲಿಸಿಬಿಟ್ಟಿತ್ತು. ನಗುತ್ತಲೇ ನಡೆದು, ಮೊದಲ ಪೀರಿಯಡ್ಡಿಗೆ ತಡವಾಗಿ ಹೋದೆ.

ಮರುದಿನ ತಾತ ಟೀ ಅಂಗಡಿಯ ಮುಂದೆ ಇನ್ನೊಂದು ಸೈಕಲ್ ಹಿಡಿದು ನಿಂತಿದ್ದರು. ಗುಲಾಬಿ ಬಣ್ಣದ್ದು, ಮುಂದೊಂದು ಬುಟ್ಟಿ.

"ಮೊಮ್ಮಗಳು ಈಗ ಬಸ್ಸಲ್ಲಿ ಕಾಲೇಜಿಗೆ ಹೋಗ್ತಾಳೆ. ಹುಳದ ಮನೇಲಿ ಸುಮ್ನೆ ಬಿದ್ದಿತ್ತು. ಇದ್ನೂ ಇವುಗಳ ಜೊತೆ ಕಟ್ಟಾಕಿ ಟೀಚರಮ್ಮ" ಎಂದರು, ಹಸುವನ್ನು ಒಪ್ಪಿಸುವವರಂತೆ.

ಅದನ್ನು ನೋಡಿ ಇನ್ನೂ ಮೂರು ಮನೆಯವರು ತಮ್ಮ ಮೂಲೆಯ ಸೈಕಲ್ಲುಗಳನ್ನು ತಂದು ನಿಲ್ಲಿಸಿದರು. ಈಗ ಆರಿವೆ. ಆದರೂ ಜೂನಿನಲ್ಲಿ ನನಗೆ ಒಂದೂ ಸಿಗುವುದಿಲ್ಲ. ಎಲ್ಲವೂ ಮಾವಿನ ತೋಪುಗಳಲ್ಲಿರುತ್ತವೆ. ಹೋದ ವರ್ಷ ಹಾಗೆ ನಡೆದು ಹೋಗುತ್ತಿದ್ದಾಗ, ಕಾಯಿ ಕೀಳಲು ಹೊರಟಿದ್ದ ಹೆಂಗಸೊಬ್ಬಳು ಪಕ್ಕದಲ್ಲಿ ಬ್ರೇಕ್ ಹಾಕಿ, "ಹತ್ತಿ ಮೇಡಂ, ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದಳು. ಕ್ಯಾರಿಯರ್ ಮೇಲೆ ಕೂತು ಶಾಲೆಯ ಗೇಟು ದಾಟಿದೆ. ಪ್ರಾರ್ಥನೆಗೆ ಸಾಲಾಗಿ ನಿಂತಿದ್ದ ಮಕ್ಕಳು ಚಪ್ಪಾಳೆ ಹೊಡೆದರು.